ನಾನು ಸಹಿ ಹಾಕಿದ ಬೇಲಿ

ಆ ರಸ್ತೆಗೆ ಅಂಕ ಕೊಡುವ ಕೆಲಸ ನನ್ನ ಮೇಜಿಗೆ ಬಂದಾಗ, ಅದನ್ನು ವಿನ್ಯಾಸ ಮಾಡಿದವಳೂ ನಾನೇ ಎಂಬುದು ಕಚೇರಿಯಲ್ಲಿ ಯಾರಿಗೂ ತೊಡಕೆನಿಸಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಎನಿಸಲಿಲ್ಲ. ಖುಷಿಯೇ ಆಯಿತು.

ನಾಗಸಂದ್ರ ಮೆಟ್ರೊ ನಿಲ್ದಾಣದ ಕಡೆಯಿಂದ ಪೀಣ್ಯದ ಕಾರ್ಖಾನೆಗಳ ನಡುವೆ ಹೋಗುವ ರಸ್ತೆಗಳಲ್ಲಿ ಅದೊಂದು. ಮೊದಲು ಅಲ್ಲಿ ಫುಟ್‌ಪಾತ್ ಎಂದರೆ ಚರಂಡಿಯ ಮೇಲಿನ ಒಡೆದ ಚಪ್ಪಡಿಗಳು, ಅವುಗಳ ಮೇಲೆ ನಿಲ್ಲಿಸಿದ ಬೈಕುಗಳು. ನಾವು ಎರಡೂ ಬದಿಗೆ ಎರಡೂವರೆ ಮೀಟರ್ ಅಗಲದ ಫುಟ್‌ಪಾತ್ ಮಾಡಿಸಿದೆವು. ಸೈಕಲ್ಲಿಗೆ ಪ್ರತ್ಯೇಕ ಪಟ್ಟಿ, ಬಸ್ಸಿಗೆ ನೆರಳಿರುವ ತಂಗುದಾಣ, ನಡುವೆ ಡಿವೈಡರ್, ಅದರ ಮೇಲೆ ಎದೆಯೆತ್ತರದ ಉಕ್ಕಿನ ಬೇಲಿ. ನಡೆಯುವವರು, ಸೈಕಲ್ಲಿನವರು, ಬಸ್ಸಿನವರು, ಲಾರಿಯವರು, ಎಲ್ಲರಿಗೂ ಒಪ್ಪುವ ರಸ್ತೆ ಎಂದು ಕಡತದಲ್ಲಿ ಬರೆದಿದ್ದೆವು. ಕೆಲಸ ಮುಗಿದು ಒಂದು ವರ್ಷ ಕಳೆದಿತ್ತು. ರಸ್ತೆ ನಿಜಕ್ಕೂ ಹೇಗೆ ಬಳಕೆಯಾಗುತ್ತಿದೆ ಎಂದು ಅಳೆದು ಈಗ ವರದಿ ಕೊಡಬೇಕಿತ್ತು. ವರದಿ ಚೆನ್ನಾಗಿ ಬಂದರೆ ವೈಟ್‌ಫೀಲ್ಡ್ ಕಡೆಯ ಇನ್ನೂ ಕೆಲವು ರಸ್ತೆಗಳ ವಿನ್ಯಾಸದ ಕೆಲಸ ನಮ್ಮ ಖಾಸಗಿ ಸಂಸ್ಥೆಗೇ ಸಿಗುವ ಸೂಚನೆಯಿತ್ತು.

ಅಳೆಯುವ ಕ್ರಮ ಹೀಗೆ. ಪ್ರತಿಯೊಂದು ಬಗೆಯ ಸಂಚಾರಕ್ಕೂ ಅತ್ಯುತ್ತಮವಾದ 'ಎ'ಯಿಂದ ತೀರಾ ಕಳಪೆಯಾದ 'ಎಫ್'ವರೆಗೆ ಒಂದು ದರ್ಜೆ. ವಾಹನಗಳಿಗೆ ವೇಗ ಮತ್ತು ಸಿಗ್ನಲ್‌ನಲ್ಲಿ ಕಾಯುವ ಸಮಯ, ಬಸ್ಸಿನವರಿಗೆ ತಂಗುದಾಣದ ಸ್ಥಿತಿ. ನಡೆಯುವವರಿಗೆ ಫುಟ್‌ಪಾತಿನ ಅಗಲ, ನೆರಳು, ದೀಪ, ಜೊತೆಗೆ ರಸ್ತೆ ದಾಟಲು ಕಾಯಬೇಕಾದ ಸಮಯ. ಮೂರು ದಿನ ಕ್ಯಾಮೆರಾ ಕಟ್ಟಿ, ಕೈಯಲ್ಲೂ ಎಣಿಸಿ, ಅಂಕಿಗಳನ್ನು ನಮೂನೆಗೆ ತುಂಬಿದರೆ ದರ್ಜೆ ತಾನೇ ಬರುತ್ತದೆ.

ಎಣಿಕೆಗೆ ನನ್ನ ಜೊತೆ ಒಬ್ಬ ಹಿರಿಯರಿದ್ದರು. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಹಾಜರಾತಿ ನೋಡುವ ಟೈಮ್ ಆಫೀಸಿನಲ್ಲಿ ಸೇವೆ ಮಾಡಿ ನಿವೃತ್ತರಾದವರು. ಮನೆಯಲ್ಲಿ ಕೂರಲಾಗದೆ ನಮ್ಮಲ್ಲಿ ಸರ್ವೆ ಕೆಲಸಕ್ಕೆ ಸೇರಿದ್ದರು. ಹದಿನೈದು ನಿಮಿಷಕ್ಕೊಂದು ಚೌಕಮನೆ, ತಲೆಗೊಂದು ಗೀಟು, ಐದಕ್ಕೊಂದು ಅಡ್ಡಗೀಟು, ಅವರ ಪುಸ್ತಕದಲ್ಲಿ ಒಂದೂ ಗೀಟು ತಪ್ಪುತ್ತಿರಲಿಲ್ಲ.

ಮೊದಲ ದಿನದ ಲೆಕ್ಕ ನೋಡಿದಾಗ ಎಲ್ಲ ದರ್ಜೆಗಳೂ 'ಬಿ', 'ಸಿ' ಎಂದೇ ಬರುತ್ತಿದ್ದವು. ನಾನು ಚಹಾ ತರಿಸಿದೆ. ಹಿರಿಯರು ಮಾತ್ರ ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದರು.

"ಅಮ್ಮಾ, ಬೆಳಗ್ಗೆ ಆ ಸ್ಟಾಪ್‌ನಲ್ಲಿ ಬಸ್ ಇಳಿದೋರು ಇಷ್ಟು ಜನ. ಕಾರ್ಖಾನೆಗಳಿರೋದು ಎದುರು ಬದೀಲಿ. ಆದ್ರೆ ಆ ಕಡೆ ಈ ಕಡೆ ಎರಡು ಸಿಗ್ನಲ್‌ನಲ್ಲೂ ಸೇರಿಸಿ ದಾಟಿದೋರು ಅದರ ಕಾಲು ಭಾಗನೂ ಇಲ್ಲ. ಮಿಕ್ಕೋರು ಎಲ್ಲಿಗೆ ಹೋದ್ರು?"

ಎಲ್ಲಿಗೆ ಹೋದರೆಂದು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದದ್ದನ್ನು ಬೇಡವೆಂದು ತಳ್ಳಿದೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ಮುಂಚೆ ಇಬ್ಬರೂ ರಸ್ತೆಯ ನಡುಭಾಗಕ್ಕೆ ಹೋಗಿ ನಿಂತೆವು. ಒಂದು ಬದಿಗೆ ಬಸ್ ತಂಗುದಾಣ, ನೇರ ಎದುರಿಗೆ ದೊಡ್ಡದೊಂದು ಗಾರ್ಮೆಂಟ್ಸ್ ಕಾರ್ಖಾನೆಯ ಗೇಟು. ದಾಟಲು ಸಿಗ್ನಲ್ ಬೇಕೆಂದರೆ ಎಡಕ್ಕೋ ಬಲಕ್ಕೋ ಮುನ್ನೂರು ಮೀಟರಿಗಿಂತ ಹೆಚ್ಚು ನಡೆಯಬೇಕು, ದಾಟಿ ಮತ್ತೆ ಅಷ್ಟೇ ದೂರ ವಾಪಸು ಬರಬೇಕು. ಬಸ್ಸು ಬಂದು ನಿಂತಿತು. ಇಳಿದ ಹೆಂಗಸರಲ್ಲಿ ಹೆಚ್ಚಿನವರು ಫುಟ್‌ಪಾತಿನತ್ತ ತಿರುಗಿಯೂ ನೋಡದೆ ನೇರವಾಗಿ ರಸ್ತೆಗಿಳಿದರು. ಬೇಲಿಯ ಎರಡು ಸರಳುಗಳನ್ನು ಯಾರೋ ಬಗ್ಗಿಸಿದ್ದರು. ತೆಳ್ಳಗಿದ್ದವರು ಅಡ್ಡಡ್ಡ ನುಸುಳಿದರು. ಉಳಿದವರು ಬುತ್ತಿಯ ಚೀಲವನ್ನು ಆಚೆಯವರ ಕೈಗೆ ಕೊಟ್ಟು, ಸೀರೆ ಎತ್ತಿ ಕಟ್ಟಿ, ಹತ್ತಿ ಹಾರಿದರು. ಆಚೆ ಇಳಿದ ತಕ್ಷಣ ಬೆನ್ನು ಬೇಲಿಗೆ ಒತ್ತಿ ನಿಲ್ಲಬೇಕು. ಅಂಗೈ ಅಗಲದ ಕಟ್ಟೆ, ಮುಂದೆ ಓಡುವ ಗೂಡ್ಸ್ ಆಟೋಗಳು.

ಹಿರಿಯರು ಹೊಸ ಹಾಳೆ ತೆಗೆದರು. ನಮ್ಮ ನಮೂನೆಯಲ್ಲಿ ಇವರಿಗೆ ಮನೆ ಇರಲಿಲ್ಲ. ದಾಟುವ ಜಾಗದಲ್ಲಿ ದಾಟಿದವರನ್ನಷ್ಟೇ ಅದು ಕೇಳುತ್ತಿತ್ತು. ಹಿರಿಯರು ಹಾಳೆಯ ಮೇಲ್ಗಡೆ 'ಬೇಲಿ' ಎಂದು ಬರೆದು ಗೀಟು ಹಾಕತೊಡಗಿದರು.

ಆ ದಿನವೇ ಬೇಲಿ ಹಾರಿದವರಲ್ಲಿ ಒಬ್ಬಳನ್ನು ನಾನು ಮಾತಾಡಿಸಿದ್ದು. ಕೊಪ್ಪಳದ ಕಡೆಯವಳು, ಹೆಚ್ಚೂ ಕಡಿಮೆ ನನ್ನದೇ ವಯಸ್ಸು. ಗಂಡ ಕಟ್ಟಡ ಕೆಲಸಕ್ಕೆ ಹೋಗುತ್ತಾನೆ, ಬಾಗಲಗುಂಟೆಯಲ್ಲಿ ಬಾಡಿಗೆ ಕೋಣೆ. ಮಧ್ಯಾಹ್ನದ ಬಿಡುವಿನಲ್ಲಿ ಗೇಟಿನ ಬಳಿ ಪ್ರಶ್ನಾವಳಿ ಹಿಡಿದು ನಿಂತ ನನ್ನನ್ನು ಆಕೆ ಅನುಮಾನದಿಂದ ನೋಡಿದಳು.

"ಸಿಗ್ನಲ್ ಕಡೆಯಿಂದ ಯಾಕೆ ಬರೋದಿಲ್ಲ?" ಎಂದು ಕೇಳಿದೆ.

"ನಾವೇನ್ ಹೌಸಿಗೆ, ಮಜಾಕ್ಕ ಹಾರ್ತೀವೇನ್ರಿ ಮೇಡಂ? ಬಸ್ ಬರೂದ ಎಂಟಕ್ಕ ಐದು ನಿಮಿಷ ಇದ್ದಾಗ. ಎಂಟಕ್ಕ ಗೇಟ್ ಹಾಕ್ತಾರ. ಸುತ್ತ ಹಾಕಿ ಬರೂದ್ರಾಗ ಅರ್ಧಾ ದಿನದ ಪಗಾರ ಹೋತು ಅಂತ ಬರಕೊಂಡಿರ್ತಾರ."

ಅವಳ ಉತ್ತರವನ್ನು 'ಇತರೆ ಕಾರಣ' ಎಂಬ ಮನೆಯಲ್ಲಿ ಬರೆದುಕೊಂಡೆ.

ಮೂರನೆಯ ದಿನ ಸಂಜೆ ಪಾಳಿ ಬಿಡುವ ಹೊತ್ತು. ಬಸ್ಸು ಒಂದೇ ದಿಕ್ಕಿಗೆ ಸುತ್ತು ಹಾಕುವುದರಿಂದ ಮನೆಗೆ ಹೋಗುವವರೂ ಈಚೆಯ ಅದೇ ತಂಗುದಾಣಕ್ಕೆ ಬರಬೇಕು. ಬೇಲಿ ದಾಟುವವರು ಎಷ್ಟು ಹೊತ್ತು ಕಾಯುತ್ತಾರೆ ಎಂದು ನಾನು ಸ್ಟಾಪ್‌ವಾಚ್ ಹಿಡಿದು ಅಳೆಯುತ್ತಿದ್ದೆ. ಆಕೆ ಗೇಟಿನಿಂದ ಬಂದಳು. ನನ್ನನ್ನು ಗುರುತಿಸಿ ನಕ್ಕಳು. ಅವಳ ಸಮಯವನ್ನೇ ಹಿಡಿಯೋಣವೆಂದು ಗುಂಡಿ ಒತ್ತಿದೆ. ಅರ್ಧ ರಸ್ತೆ ದಾಟಿದಳು, ಬೇಲಿ ಹತ್ತಿದಳು, ಈಚೆಗೆ ಕಾಲು ಹಾಕಿದಳು. ಚೂಡಿದಾರದ ವೇಲು ಸರಳಿನ ತುದಿಗೆ ಸಿಕ್ಕಿಕೊಂಡಿತು. ಅದನ್ನು ಬಿಡಿಸಲು ಹಿಂದಕ್ಕೆ ತಿರುಗಿದವಳು ಜಾರಿ ರಸ್ತೆಗೆ ಬಿದ್ದಳು. ಗೂಡ್ಸ್ ಆಟೋದವನು ಬ್ರೇಕ್ ಹಾಕಿದ. ಆಟೋ ನಿಂತಿತು, ಆದರೆ ಮುಂದಿನ ಚಕ್ರ ಅವಳ ಪಾದದ ಮೇಲೆ ನಿಂತಿತು.

ಹೆಂಗಸರೆಲ್ಲ ಸೇರಿ ಆಟೋವನ್ನು ಕೈಯಲ್ಲೇ ಎತ್ತಿದರು. ನಾನೂ ಕೈ ಹಾಕಿದೆನೋ ಇಲ್ಲವೋ ಈಗ ನೆನಪಿಲ್ಲ. ನೆನಪಿರುವುದು ಆಮೇಲಿನದು. ಬೇರೊಂದು ಆಟೋದಲ್ಲಿ ಅವಳನ್ನು ಒರಗಿಸಿಕೊಂಡು ಆಸ್ಪತ್ರೆಗೆ ಹೋಗುವಾಗ ಆಕೆ ನೋವಿಗೆ ಹಲ್ಲು ಕಚ್ಚಿಕೊಂಡೇ, "ಮೇಡಂ, ನಾಳೆ ಲೇಟ್ ಆಕ್ಕೈತಿ ಅಂತ ಸೂಪರ್‌ವೈಸರಿಗೆ ಒಂದ್ ಮಾತ್ ಹೇಳ್ರಿ" ಎಂದಳು. ಪಾದದ ಮೂಳೆಗಳು ಮುರಿದಿದ್ದವು, ಹಿಮ್ಮಡಿಯೂ ಒಡೆದಿತ್ತು. ಹೊರಗೆ ಬೆಂಚಿನ ಮೇಲೆ ಕೂತಾಗ ನೋಡಿದೆ, ಕೊರಳಲ್ಲಿ ನೇತಾಡುತ್ತಿದ್ದ ಸ್ಟಾಪ್‌ವಾಚ್ ಇನ್ನೂ ಓಡುತ್ತಿತ್ತು.

ಮರುದಿನ ಕಚೇರಿಯಲ್ಲಿ ಹಳೆಯ ನಕ್ಷೆಗಳನ್ನು ತೆಗೆಸಿದೆ. ನನ್ನ ಮೊದಲ ನಕ್ಷೆಯಲ್ಲಿ ಆ ಗೇಟಿನ ಎದುರು ರಸ್ತೆಯನ್ನೇ ಎತ್ತರಿಸಿ ಮಾಡಿದ, ಫುಟ್‌ಪಾತಿನ ಮಟ್ಟದಲ್ಲೇ ದಾಟಬಹುದಾದ ಜಾಗವಿತ್ತು. ಮೂರನೆಯ ಪರಿಷ್ಕರಣೆಯಲ್ಲಿ ಅದು ಮಾಯವಾಗಿ ಬೇಲಿ ಬಂದಿತ್ತು. ಏಕೆಂದು ಚೆನ್ನಾಗಿ ನೆನಪಾಯಿತು. ಯಾವ ಸಂಚಾರವೂ 'ಸಿ'ಗಿಂತ ಕೆಳಗಿಳಿಯಬಾರದೆಂಬ ಷರತ್ತಿತ್ತು. ಅಲ್ಲಿ ದಾಟಲು ಬಿಟ್ಟರೆ ವಾಹನಗಳ ದರ್ಜೆ 'ಡಿ'ಗೆ ಇಳಿಯುತ್ತಿತ್ತು. ಆಗ ಆ ದಾಟುವ ಜಾಗವನ್ನು ತೆಗೆದು ನೋಡಿದ್ದೆ. ವಾಹನಗಳಿಗೆ 'ಸಿ' ಬಂದಿತ್ತು. ಜೊತೆಗೆ, ಈಗ ಹೇಳಲು ನಾಚಿಕೆಯಾಗುತ್ತದೆ, ನಡೆಯುವವರ ದರ್ಜೆಯೂ ಏರಿತ್ತು. ದಾಟುವ ಜಾಗವೇ ಇಲ್ಲದಿದ್ದರೆ ಅಲ್ಲಿ ಕಾಯುವ ಸಮಯವೂ ಇರುವುದಿಲ್ಲವಲ್ಲ. ನಮೂನೆ ಕಾಯುವುದನ್ನು ಲೆಕ್ಕ ಹಿಡಿಯುತ್ತಿತ್ತು, ಸುತ್ತುವುದನ್ನು ಹಿಡಿಯುತ್ತಿರಲಿಲ್ಲ. ಅಂದು ಅದನ್ನು ನೋಡಿ ಎಲ್ಲ ಸರಿಹೋಯಿತೆಂದು ಸಹಿ ಹಾಕಿದ್ದೆ. ಬೇಲಿಯ ಪಕ್ಕದಲ್ಲಿ ನನ್ನದೇ ಟಿಪ್ಪಣಿ: 'ಪಾದಚಾರಿಗಳು ದಾಟದಂತೆ ತಡೆಯಲು.'

ಸಂಸ್ಥೆಯ ಮುಖ್ಯಸ್ಥರ ಬಳಿಗೆ ಎರಡೂ ನಕ್ಷೆ ಒಯ್ದೆ. ಅವರು ಕೆಟ್ಟವರಲ್ಲ. ಪೂರ್ತಿ ಕೇಳಿಸಿಕೊಂಡರು.

"ಆ ಹೆಂಗಸಿಗೆ ಆಗಿದ್ದು ಬೇಜಾರಿನ ವಿಷಯ. ಆದ್ರೆ ನೋಡಿ, ಬೇಲಿ ಹತ್ತೋದು ಡಿಸೈನ್ ಮಿಸ್ಟೇಕ್ ಅಲ್ಲ, ಯೂಸರ್ ಮಿಸ್ಟೇಕ್. ನಮೂನೆಲಿ ಏನು ಕೇಳಿದಾರೋ ಅದನ್ನ ತುಂಬಿ ಕೊಡಿ. ಇದು ಇವ್ಯಾಲ್ಯುಯೇಶನ್ ರಿಪೋರ್ಟ್, ತಪ್ಪೊಪ್ಪಿಗೆ ಪತ್ರ ಅಲ್ಲ."

"ಸರ್, ಒಬ್ಬಿಬ್ಬರು ಹತ್ತಿದ್ರೆ ಅವರ ತಪ್ಪು ಅನ್ಬಹುದು. ಇಡೀ ಬಸ್ಸೇ ಹತ್ತುತ್ತೆ."

"ಮೂರೇ ದಿನದ ಡೇಟಾ. ಇನ್ನೊಂದು ವಾರ ಎಣಿಸಿ, ಆಮೇಲೆ ಮಾತಾಡೋಣ."

ಎಣಿಸಲು ಹೋದೆವು. ಅಷ್ಟರಲ್ಲಿ ಅಪಘಾತದ ಸುದ್ದಿ ಮೇಲೆ ಹೋಗಿ, ಕ್ರಮವೂ ಆಗಿಬಿಟ್ಟಿತ್ತು. ಬೇಲಿಯನ್ನು ಎತ್ತರಿಸಿದ್ದರು. ಬಗ್ಗಿದ ಸರಳುಗಳನ್ನು ವೆಲ್ಡ್ ಮಾಡಿ, ಆಳೆತ್ತರಕ್ಕೂ ಮೀರಿ ಜಾಲರಿ ಬಿಗಿದಿದ್ದರು. ಯಾರ ಆದೇಶವೆಂದು ಕೇಳಿದರೆ ಪ್ರತಿಯೊಬ್ಬರೂ ಇನ್ನೊಬ್ಬರ ಕಡೆ ಕೈ ತೋರಿಸಿದರು. ಆಧಾರ ಮಾತ್ರ ಎಲ್ಲರ ಬಳಿಯೂ ಒಂದೇ: ನನ್ನ ನಕ್ಷೆಯ ಆ ಟಿಪ್ಪಣಿ.

ಇನ್ನು ಹಾರಲಾಗದು. ಹಾಗೆಂದು ಗೇಟು ತಡವಾಗಿ ಮುಚ್ಚುತ್ತದೆಯೇ? ಹೆಂಗಸರು ಈಗ ರಸ್ತೆಯ ಅಂಚಿನಲ್ಲೇ ಓಡಿ, ಸ್ವಲ್ಪ ಮುಂದೆ ಲಾರಿಗಳು ಯು ಟರ್ನ್ ಹೊಡೆಯಲು ಬಿಟ್ಟಿದ್ದ ತೆರಪಿನಲ್ಲಿ ದಾಟತೊಡಗಿದರು. ಅಲ್ಲಿ ಲಾರಿ ತಿರುಗುವಾಗ ಡ್ರೈವರನಿಗೆ ಎಡಬದಿಯಲ್ಲಿ ಯಾರಿದ್ದಾರೆಂದೇ ಕಾಣುವುದಿಲ್ಲ. ಬೇಲಿಯಲ್ಲಿ ಬಿದ್ದರೆ ಕಾಲು ಮುರಿಯಬಹುದಿತ್ತು. ಇಲ್ಲಿ ಬಿದ್ದರೆ ಎಲ್ಲ ಮುಗಿದಂತೆ.

ಬೆಳಿಗ್ಗೆ ಎದ್ದ ಕೂಡಲೇ ಗಡಿಯಾರ ನೋಡುತ್ತಿದ್ದೆ. ಎಂಟು ಗಂಟೆ ದಾಟಿತೆಂದರೆ ಇವತ್ತು ಯಾರೂ ಸಾಯಲಿಲ್ಲ ಎಂದುಕೊಳ್ಳುವುದು, ಸಂಜೆ ಐದೂವರೆಗೆ ಮತ್ತೆ ಅದೇ ಭಯ. ರಸ್ತೆ ವಿಭಾಗದ ಎಂಜಿನಿಯರನ್ನು ಎರಡು ಸಲ ಕಂಡೆ. ಒಮ್ಮೆ ಮೀಟಿಂಗಿನಲ್ಲಿದ್ದರು. ಇನ್ನೊಮ್ಮೆ ನಿಂತೇ ಮಾತಾಡಿದರು.

"ಮೇಡಂ, ಬೇಲಿ ಕತ್ತರಿಸಿ ಅಂತ ನಾನು ಹೆಂಗೆ ಹೇಳ್ಲಿ? ಡ್ರಾಯಿಂಗ್ ನಿಮ್ದು, ಸೈನ್ ನಿಮ್ದು. ಡ್ರಾಯಿಂಗ್‌ನಲ್ಲಿ ಇಲ್ದೇ ಇರೋದನ್ನ ಮಾಡಿದ್ರೆ ನಾಳೆ ಎಲ್ಲರೂ ನನ್ನನ್ನೇ ಕೇಳ್ತಾರೆ. ನಿಮ್ ಕಡೆಯಿಂದ ರೈಟಿಂಗ್‌ನಲ್ಲಿ ಏನಾದ್ರೂ ಬಂದ್ರೆ ಅದು ಬೇರೆ ಮಾತು."

ಆ ಭಾನುವಾರ ಬಾಗಲಗುಂಟೆಗೆ ಹೋದೆ. ಮಹಡಿಯ ಮೇಲಿನ ಒಂದೇ ಕೋಣೆ. ಆಕೆ ಕಾಲನ್ನು ದಿಂಬಿನ ಮೇಲೆ ಚಾಚಿ ಕೂತು ಸೊಪ್ಪು ಸೋಸುತ್ತಿದ್ದಳು. ಕಾರ್ಖಾನೆಯಲ್ಲಿ ಅವಳ ಮಷಿನ್ನಿಗೆ ಬೇರೆಯವರನ್ನು ಕೂರಿಸಿದ್ದರು. ನಾನು ಹಣ್ಣಿನ ಚೀಲ ಇಟ್ಟು, ಏನೇನೋ ಮಾತಾಡಿ, ಕೊನೆಗೆ ಹೇಳಿದೆ. ನಕ್ಷೆಯಲ್ಲಿ ಆ ಬೇಲಿ ಬರೆದದ್ದು ನಾನೇ. ಮೊದಲು ಅಲ್ಲಿ ದಾಟಲು ಜಾಗವಿತ್ತು, ಅದನ್ನು ತೆಗೆದದ್ದೂ ನಾನೇ.

ಆಕೆ ಸೊಪ್ಪಿನ ಕಡ್ಡಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು.

"ನೀವ ಹಾಕಿಸಿದ್ರೇನ್ರಿ?"

"ಹೌದು."

ಬಯ್ದರೆ ಬಯ್ಯಲಿ ಎಂದು ಕಾದೆ.

"ಹಂಗಾರ ತೆಗಸಾಕೂ ನಿಮಗ ಬರ್ತೈತಲ್ರಿ" ಎಂದಳು. ಕೋಪವಿರಲಿಲ್ಲ. ಇಷ್ಟು ಸಣ್ಣ ವಿಷಯ ನನಗೆ ಹೇಗೆ ತಿಳಿಯಲಿಲ್ಲ ಎಂಬ ಆಶ್ಚರ್ಯವಿತ್ತು. ನಾನು ಎದ್ದು ಬಂದೆ.

ತೆಗೆಸಲು ಬರುತ್ತದೆಯೇ ಎಂದು ನನಗೆ ಖಾತ್ರಿಯಿರಲಿಲ್ಲ. ಕೆಲಸ ಹೋದೀತೆಂಬ ಹೆದರಿಕೆ ಖಾತ್ರಿಯಾಗಿತ್ತು. ಸೋಮವಾರ ಬೆಳಿಗ್ಗೆ ಯು ಟರ್ನ್ ತೆರಪಿನ ಬಳಿ ಹಿರಿಯರ ಪಕ್ಕ ನಿಂತಿದ್ದೆ. ಹತ್ತು ಚಕ್ರದ ಲಾರಿಯೊಂದು ತಿರುಗುತ್ತಿತ್ತು. ಅದರ ಎಡಕ್ಕೆ ಐದಾರು ಹೆಂಗಸರು, ಒಬ್ಬಳು ಬಸುರಿ. ಲಾರಿ ಸರಿಯುತ್ತಾ ಸರಿಯುತ್ತಾ ಅವರನ್ನು ಬೇಲಿಗೆ ಒತ್ತುತ್ತಿತ್ತು. ಹಿರಿಯರು ಪುಸ್ತಕ ಮುಚ್ಚಿ ನನ್ನ ಕೈಗೆ ತುರುಕಿ, ಲಾರಿಯ ಮುಂದಕ್ಕೆ ಓಡಿ ಎರಡೂ ಕೈ ಎತ್ತಿ ನಿಂತರು. ಲಾರಿ ನಿಂತಿತು. ಡ್ರೈವರ್ ಬಯ್ದ. ಹೆಂಗಸರು ದಾಟಿದರು. ವಾಪಸು ಬಂದಾಗ ಹಿರಿಯರಿಗೆ ಏದುಸಿರು ಹತ್ತಿತ್ತು.

"ನಾನಿನ್ನು ಎಣಿಸಲ್ಲ ಅಮ್ಮಾ. ಇದನ್ನ ಗೀಟು ಹಾಕ್ಕೊಂಡು ನಿಂತ್ಕೊಳೋಕೆ ನನ್ ಕೈಲಾಗಲ್ಲ."

ಅವತ್ತೇ ಪತ್ರ ಬರೆದೆ. ಮೂರನೆಯ ಪರಿಷ್ಕರಣೆಯ ನಕ್ಷೆಯನ್ನು ವಿನ್ಯಾಸಕಿಯಾಗಿ ಹಿಂತೆಗೆದುಕೊಳ್ಳುತ್ತಿದ್ದೇನೆ, ಅದರಲ್ಲಿ ದಾಟುವ ಜಾಗ ತೆಗೆದದ್ದು ನನ್ನ ತಪ್ಪು, ಈಗಿನ ಸ್ಥಿತಿಯಲ್ಲಿ ಅಲ್ಲಿ ಜೀವಾಪಾಯವಿದೆ, ಕೂಡಲೇ ಬೇಲಿ ತೆರೆದು ತಾತ್ಕಾಲಿಕ ದಾಟುದಾರಿ ಮಾಡಬೇಕು. ಜೊತೆಗೆ ಎರಡು ನಕ್ಷೆ, ಹಿರಿಯರ ಗೀಟಿನ ಹಾಳೆಗಳು. ಮುಖ್ಯಸ್ಥರಿಗೆ ತೋರಿಸಿದೆ. ಅವರು ಓದಿ ಕನ್ನಡಕ ತೆಗೆದಿಟ್ಟರು.

"ಇದು ಹೋದ್ರೆ ವೈಟ್‌ಫೀಲ್ಡ್ ಹೋಯ್ತು. ನಮ್ಮಲ್ಲಿ ಎಷ್ಟು ಜನ ಇದಾರೆ ಗೊತ್ತಲ್ಲ?"

"ಗೊತ್ತು ಸರ್."

"ಕಂಪನಿ ಲೆಟರ್‌ಹೆಡ್ ಮುಟ್ಟಬೇಡಿ. ಅಷ್ಟೇ ನಾನು ಹೇಳೋದು."

ನಕ್ಷೆಯ ಮೇಲಿದ್ದದ್ದು ನನ್ನ ಸಹಿ. ಬಿಳಿ ಹಾಳೆ ಸಾಕಾಯಿತು. ನಾನೇ ಹೋಗಿ ಕೊಟ್ಟು, ನಕಲಿನ ಮೇಲೆ ಮೊಹರು ಹಾಕಿಸಿಕೊಂಡು ಬಂದೆ.

ಉತ್ತರ ಬರಲಿಲ್ಲ. ಆ ದಿನಗಳಷ್ಟು ಕೆಟ್ಟ ದಿನಗಳನ್ನು ನಾನು ಕಂಡಿಲ್ಲ. ಕಚೇರಿಯಲ್ಲಿ ಊಟಕ್ಕೆ ಜೊತೆ ಕೂರುತ್ತಿದ್ದವರು ಬೇರೆ ಮೇಜು ಹುಡುಕಿಕೊಂಡರು. ಅವರದು ತಪ್ಪೆನ್ನಲಾರೆ. ಅವರಿಗೂ ಮನೆಯ ಸಾಲ, ಮಕ್ಕಳ ಶಾಲೆ ಇದ್ದವು. ಬೆಳಿಗ್ಗೆ ಸಂಜೆ ಹಿರಿಯರೂ ನಾನೂ ಕೆಂಪು ಬಟ್ಟೆ ಕಟ್ಟಿದ ಕೋಲು ಹಿಡಿದು ಯು ಟರ್ನ್ ಬಳಿ ನಿಲ್ಲುತ್ತಿದ್ದೆವು. ಟ್ರಾಫಿಕ್ ಪೊಲೀಸರು ಒಮ್ಮೆ ಓಡಿಸಿದರು, ಮರುದಿನ ನೋಡಿಯೂ ನೋಡದಂತೆ ಹೋದರು. ಒಂದು ಬೆಳಿಗ್ಗೆ ನನಗೆ ಜ್ವರ. ಹೋಗಲಾಗಲಿಲ್ಲ. ಹಾಸಿಗೆಯಲ್ಲಿ ಮಲಗಿ ಗಡಿಯಾರ ನೋಡುತ್ತಾ, ನಾನಿಲ್ಲದಿರುವಾಗಲೇ ಆಗಿಬಿಡುತ್ತದೆ ಎಂದು ಅತ್ತೆ. ಎಂಟೂಕಾಲಿಗೆ ಹಿರಿಯರ ಫೋನು ಬಂತು. "ಎಲ್ಲಾ ಒಳಗೆ ಹೋದ್ರಮ್ಮಾ, ಮಾತ್ರೆ ತಗೊಂಡು ಮಲ್ಕೋ."

ಕೊನೆಗೆ ಎಂಜಿನಿಯರೇ ಕರೆದರು. ಪತ್ರ ಕಡತಕ್ಕೆ ಸೇರಿದ ಮೇಲೆ ಅದನ್ನು ಸುಮ್ಮನೆ ಇಟ್ಟುಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ. "ಹತ್ತು ದಿನ ಟ್ರಯಲ್. ಗಾಡಿ ಜಾಮ್ ಆಗಿ ಕಂಪ್ಲೇಂಟ್ ಬಂದ್ರೆ ಮುಚ್ಚಿಬಿಡ್ತೀನಿ, ಈಗ್ಲೇ ಹೇಳಿರ್ತೀನಿ."

ಗ್ಯಾಸ್ ಕಟರಿನಿಂದ ಗೇಟಿನೆದುರಿನ ಬೇಲಿಯನ್ನು ಎಂಟು ಮೀಟರಿನಷ್ಟು ಕತ್ತರಿಸಿದರು. ಎರಡೂ ಬದಿಗೆ ಹಂಪು, ರಬ್ಬರ್ ಕೋನು, ನೀರು ತುಂಬಿದ ಪ್ಲಾಸ್ಟಿಕ್ ಬ್ಯಾರಿಕೇಡು. ಪಾಳಿಯ ಹೊತ್ತಿಗೆ ಇಬ್ಬರು ಟ್ರಾಫಿಕ್ ವಾರ್ಡನ್‌ಗಳು. ಮೊದಲ ದಿನ ಲಾರಿಗಳು ಮೆಟ್ರೊ ಕಡೆಯ ಸಿಗ್ನಲ್‌ವರೆಗೆ ನಿಂತವು, ಹಾರನ್ನುಗಳಿಗೆ ಕಿವಿ ಗವ್ವೆಂದಿತು. ಮುಚ್ಚಿಸುತ್ತಾರೆ ಎಂದುಕೊಂಡೆ. ಎರಡನೆಯ ದಿನ ಒಬ್ಬೊಬ್ಬರನ್ನೇ ಬಿಡುವ ಬದಲು ಹೆಂಗಸರನ್ನು ಗುಂಪುಗುಂಪಾಗಿ ಬಿಟ್ಟೆವು, ಸಾಲು ಅರ್ಧಕ್ಕಿಳಿಯಿತು. ನಾಲ್ಕನೆಯ ದಿನದ ಹೊತ್ತಿಗೆ ಡ್ರೈವರುಗಳೇ ನಿಧಾನ ಮಾಡತೊಡಗಿದರು. ಹಿರಿಯರು ಮತ್ತೆ ಪುಸ್ತಕ ತೆರೆದರು.

ವರದಿಯಲ್ಲಿ ನಾನು ಒಂದು ಸಾಲು ಸೇರಿಸಿದೆ: ಇರುವ ಜಾಗದಿಂದ ಹೋಗಬೇಕಾದ ಜಾಗಕ್ಕೆ ನೇರ ದೂರ ಎಷ್ಟು, ನಡೆಯಬೇಕಾದ ದೂರ ಎಷ್ಟು. ಆ ಸಾಲು ಸೇರಿದ ಮೇಲೆ, ಬೇಲಿಯಿದ್ದಾಗಿನ ನನ್ನ ರಸ್ತೆಯಲ್ಲಿ ನಡೆಯುವವರ ದರ್ಜೆ 'ಎಫ್'. ಬೇಲಿ ತೆರೆದ ಮೇಲೆ ವಾಹನಗಳದು 'ಡಿ'. ಎರಡನ್ನೂ ಹಾಗೇ ಬರೆದೆ. ಬೇಲಿ ಮತ್ತೆ ಮುಚ್ಚಲಿಲ್ಲ. ಕೆಲವು ತಿಂಗಳಲ್ಲಿ ಅಲ್ಲಿ ಎತ್ತರಿಸಿದ ದಾಟುದಾರಿಯೂ ಗುಂಡಿ ಒತ್ತಿದರೆ ಹಸಿರಾಗುವ ಸಿಗ್ನಲ್ಲೂ ಬಂದವು. ಅದರ ಲೆಕ್ಕಗಳನ್ನು ಮಾಡಿಕೊಟ್ಟದ್ದು ನಾನೇ, ಹಳೆಯ ಕಚೇರಿಯ ಹೊರಗಿನಿಂದ. ವೈಟ್‌ಫೀಲ್ಡ್ ಕೆಲಸ ಬೇರೆಯವರ ಪಾಲಾಗಿತ್ತು. ಸಿಗ್ನಲ್ ಬರುವ ಮೊದಲೇ ನಾನು ರಾಜೀನಾಮೆ ಕೊಟ್ಟಿದ್ದೆ. ಯಾರೂ ಕೇಳಿರಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ.

ಕಳೆದ ತಿಂಗಳು ಆಕೆ ಫೋನ್ ಮಾಡಿದಳು. "ಕೆಲಸ ಕೇಳಾಕ ಹೊಂಟೀನ್ರಿ ಗಾರ್ಮೆಂಟ್ಸಿಗೆ. ಜೊತಿಗೆ ಬರ್ತೀರೇನ್ರಿ?" ಬೆಳಿಗ್ಗೆ ಬಸ್ಸಿಳಿದೆವು. ಊರುಗೋಲಿಲ್ಲದೆ ನಡೆಯುತ್ತಿದ್ದಳು, ಆದರೆ ಹೆಜ್ಜೆಗೊಮ್ಮೆ ಸೊಂಟ ವಾಲುತ್ತಿತ್ತು. ಗುಂಡಿ ಒತ್ತಿದೆ. ಹಸಿರು ಬಂತು. ಉಳಿದವರೆಲ್ಲ ಸರಸರನೆ ದಾಟಿಹೋದರು. ನಾವಿಬ್ಬರು ನಡುಗಟ್ಟೆ ತಲುಪುವಷ್ಟರಲ್ಲಿ ದೀಪ ಮಿನುಗಿ ಕೆಂಪಾಯಿತು. ಎರಡೂ ಬದಿಯಿಂದ ಗಾಡಿಗಳು ಹೊರಟವು. ಆಕೆ ನನ್ನ ತೋಳನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಳು.

"ಇನ್ನೊಂಚೂರು ಹೊತ್ತು ಇಡಾಕ ಬರ್ತಿರಲಿಲ್ಲೇನ್ರಿ?"

ಬರುತ್ತಿತ್ತು. ಆರೋಗ್ಯವಂತರ ನಡಿಗೆಯ ವೇಗ ಹಿಡಿದು ಸೆಕೆಂಡುಗಳನ್ನು ಲೆಕ್ಕ ಹಾಕಿದವಳು ನಾನು. ಅವಳ ಕಾಲು ಮುರಿದ ಜಾಗಕ್ಕೇ ಲೆಕ್ಕ ಹಾಕುವಾಗ ಅವಳ ಕಾಲು ನನ್ನ ನೆನಪಿಗೆ ಬಂದಿರಲಿಲ್ಲ.

ಎರಡನೆಯ ಹಸಿರಿಗೆ ಆಚೆ ತಲುಪಿದೆವು. ಗೇಟಿನವನು ಮುಂದಿನ ತಿಂಗಳು ಬರಲು ಹೇಳಿದ. ಆಕೆ ನೆರಳಿನಲ್ಲಿ ಕೂತು ಕಾಲು ನೀವಿಕೊಳ್ಳುವಷ್ಟರಲ್ಲಿ, ಆ ಸಿಗ್ನಲ್ಲಿಗೆ ಹನ್ನೊಂದು ಸೆಕೆಂಡು ಸೇರಿಸಬೇಕೆಂದು ನಾನು ಅಲ್ಲೇ ಫೋನಿನಲ್ಲಿ ಪತ್ರ ಬರೆದು ಎಂಜಿನಿಯರಿಗೆ ಕಳಿಸಿದೆ. ಆಮೇಲೆ ಎರಡು ಸಲ ನೆನಪಿಸಿದ್ದೇನೆ. ಈವರೆಗೆ ಉತ್ತರ ಬಂದಿಲ್ಲ. ಆಕೆ ನಾಳೆ ಮತ್ತೆ ಗೇಟಿಗೆ ಹೋಗಬೇಕು. ಬಸ್ಸಿನ ಹೊತ್ತಿಗೆ ನಾನು ಅಲ್ಲಿರುತ್ತೇನೆ.